ಮೇಲಿನ ರಸ್ತೆಯಲ್ಲಿ ನಿಂತ ಕಾರು

ಈದ್ ರಜೆ ಹತ್ತಿರ ಬಂತೆಂದರೆ ಸಿರಾಜುದ್ದೀನ್ ಕಾರಿನ ಡಿಕ್ಕಿ ತೆರೆದಿಟ್ಟು ಒರೆಸಲು ನಿಲ್ಲುತ್ತಿದ್ದ. ಅದನ್ನು ಕಂಡ ಕೂಡಲೇ ಪಕ್ಕದ ಫ್ಲ್ಯಾಟಿನ ಶಂಸುನ್ನಿಸಾ ಬಾಲ್ಕನಿಗೆ ಬರುತ್ತಿದ್ದಳು. ಸೌದಿಯ ಜುಬೈಲಿನಲ್ಲಿ ಇದು ವರ್ಷ ವರ್ಷವೂ ನಡೆದುಬಂದದ್ದು. 1996ರ ಈದಿಗೂ ಹಾಗೆಯೇ ಆಯಿತು.

"ಏನ್ ಆಪಾ, ಮತ್ತೆ ಹೊರಟ್ರಾ ಸೀನರಿ ನೋಡೋಕೆ?" ಎಂದು ಶಿವಮೊಗ್ಗದ ಆ ಹೆಂಗಸು ಮೇಲಿನಿಂದ ಕೇಳಿದಳು. "ನಮ್ಮನೆಯವರನ್ನ ದಮ್ಮಾಮಿಗೆ ಕರ್ಕೊಂಡು ಹೋಗಿ ಅಂದ್ರೆ ಟಯರ್ ಸರಿಯಿಲ್ಲ ಅಂತಾರೆ. ನೀವು ನೋಡಿದ್ರೆ ಅಮೆರಿಕದವರ ಹಾಗೆ."

"ಟಯರ್ ನಮ್ಮದೂ ಸರಿ ಇಲ್ಲ," ಎಂದಳು ಸಿರಾಜುದ್ದೀನನ ಹೆಂಡತಿ ಮೈಮೂನತ್, ಫ್ಲಾಸ್ಕನ್ನು ಕಾರಿನೊಳಗೆ ಇಡುತ್ತ. "ಇವರು ಅದನ್ನು ನೋಡುದೇ ಇಲ್ಲ."

ನಿಜಕ್ಕೂ ಸೀನರಿ ಎಂಬುದು ಅಮೆರಿಕದವರಿಂದಲೇ ಬಂದ ಮಾತು. ಸಿರಾಜುದ್ದೀನ್ ಸ್ಟೋರ್ ನೋಡಿಕೊಳ್ಳುತ್ತಿದ್ದ ಪ್ಲಾಂಟಿನಲ್ಲಿ ಒಬ್ಬ ಅಮೆರಿಕದ ಇಂಜಿನಿಯರ್ ಇದ್ದ. ಅವನೊಮ್ಮೆ ಕ್ಲಬ್ಬಿನ ಹಾಲಿನಲ್ಲಿ ಪರದೆ ಕಟ್ಟಿ, ತಾನೂ ಹೆಂಡತಿಯೂ ತಮ್ಮ ದೇಶದ ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಕಾರಿನಲ್ಲಿ ಹೋದ ಸ್ಲೈಡುಗಳನ್ನು ತೋರಿಸಿದ. ಕೆಂಪು ಕಣಿವೆಗಳು, ಹಿಮದ ನಡುವಿನ ರಸ್ತೆ, ಮುಗಿಯದ ಜೋಳದ ಹೊಲಗಳು. ಎಲ್ಲದರಲ್ಲೂ ಕಾರಿನ ಬಾನೆಟ್ಟಿಗೆ ಒರಗಿ ನಗುವ ಹೆಂಡತಿ. ಯಾಕೆ ಹೋದಿರಿ ಎಂದು ಅವನನ್ನು ಯಾರೂ ಕೇಳಲಿಲ್ಲ. ನೋಡಲು ಹೋದರು, ಅಷ್ಟೇ. ಆ ದಿನ ಸಿರಾಜುದ್ದೀನ್ ಮನೆಗೆ ಬಂದು, "ಇನ್ನು ಯಾರು ಕೇಳಿದ್ರೂ ಸೀನರಿ ನೋಡ್ಲಿಕ್ಕೆ ಅಂತ ಹೇಳುವ," ಎಂದಿದ್ದ.

ಹೇಳಲು ಏನಾದರೊಂದು ಬೇಕಿತ್ತು. ಜುಬೈಲಿನಿಂದ ಖಮೀಸ್ ಮುಶೈತಿಗೆ ಎರಡು ದಿನದ ದಾರಿ. ಬೇರೆ ಊರಿಗೆ ಹೋಗಲು ಕಂಪೆನಿಯ ಕಾಗದ ಬೇಕು, ಕಾಗದಕ್ಕೆ ಕಾರಣ ಬೇಕು. ಖಬರಸ್ತಾನಕ್ಕೆಂದು ಅಷ್ಟು ದೂರ ಹೊರಡುವುದನ್ನು ಆ ದೇಶದಲ್ಲಿ ಮೆಚ್ಚುವುದಿಲ್ಲ. ಸತ್ತವರಿಗೆ ಇದ್ದಲ್ಲಿಂದಲೇ ದುವಾ ಮಾಡಿದರಾಯಿತಲ್ಲ ಎನ್ನುತ್ತಾರೆ. ಅಲ್ಲಿ ಗೋರಿಯ ಮೇಲೆ ಹೆಸರು ಬರೆಯುವುದಿಲ್ಲ, ತಲೆಯ ಕಡೆ ಒಂದು ಕಲ್ಲು ಇಟ್ಟರೆ ಮುಗಿಯಿತು. ಹೆಂಗಸರನ್ನು ಒಳಗೆ ಬಿಡುವುದೂ ಇಲ್ಲ.

ಖಮೀಸಿನ ಖಬರಸ್ತಾನದಲ್ಲಿ ಅವರ ಮಗಳು ಶಹಲಾ ಇದ್ದಳು. ಗಂಡಹೆಂಡತಿ ಮೊದಲು ಇದ್ದದ್ದು ಆ ಊರಿನಲ್ಲೇ. ಹನ್ನೊಂದು ವರ್ಷದ ಹಿಂದೆ ಹುಟ್ಟಿ, ಮೂರು ದಿನ ಬದುಕಿ ಹೋದ ಮಗು. ಆಮೇಲೆ ಮಕ್ಕಳಾಗಲಿಲ್ಲ. ಮೈಮೂನತ್ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ದಫನ ಮುಗಿದಿತ್ತು. ಅವಳನ್ನು ಮನೆಗೆ ಕಳಿಸಿದ ದಿನ ಸಿರಾಜುದ್ದೀನ್ ಖಬರಸ್ತಾನ ಕೆಳಗೆ ಕಾಣುವ ಗುಡ್ಡದ ಮೇಲಿನ ರಸ್ತೆಗೆ ಕಾರು ತಂದು, ಒಂದು ಕರೆಂಟು ಕಂಬದ ಪಕ್ಕ ನಿಲ್ಲಿಸಿದ. "ಇಲ್ಲಿಂದ ನೋಡು, ನಾನು ಎಲ್ಲಿ ನಿಲ್ತೇನೆ ಅಂತ," ಎಂದು ಹೇಳಿ ಇಳಿದು ಹೋದ. ಅವಳು ನೋಡಿದಳು. ಗೋಡೆಯೊಳಗಿನ ಬಂಡೆಗಳ ನಡುವೆ ಒಂದು ಬೂದು ಬಂಡೆ, ಆಚೆ ಗೋಡೆ ತಿರುಗುವ ಮೂಲೆ. ಬಂಡೆಯ ತುದಿ ಆ ಮೂಲೆಯ ಕಡೆ ಬೆರಳು ತೋರಿಸಿದ ಹಾಗಿತ್ತು. ಆ ಬೆರಳಿನ ಮುಂದೆಯೇ ಅವನು ನಿಂತ. ಗೋಡೆಯಾಚೆ ಆಗ ಒಂದೇ ಒಂದು ಹಳದಿ ಮನೆ. ಕೆಳಗಿದ್ದ ಅವನು ಆ ಮನೆಯನ್ನು ಗುರುತು ಮಾಡಿಕೊಂಡ. ಮೇಲಿದ್ದ ಅವಳು ಬಂಡೆಯನ್ನು.

ಹಳದಿ ಮನೆಯ ಪಕ್ಕ ಇನ್ನೊಂದು ಮನೆ ಎದ್ದಿತು, ಅದರ ಪಕ್ಕ ಮತ್ತೊಂದು, ಎಲ್ಲವೂ ಹಳದಿ. ಅವರು ಜುಬೈಲಿಗೆ ಹೋದ ಮೇಲೆ, ಎರಡು ವರ್ಷ ಕಳೆದು ಬಂದಾಗ, ಗಂಡ ಬಂಡೆಯಿಂದ ಬಹಳ ದೂರ ನಿಂತು ದುವಾಕ್ಕೆ ಕೈಯೆತ್ತಿದ್ದು ಮೈಮೂನತ್‌ಗೆ ಮೇಲಿನ ರಸ್ತೆಯಿಂದ ಕಂಡಿತು. ಮುಂದಿನ ಸಲ ಇನ್ನೂ ಬೇರೆ ಕಡೆ. ಪ್ರತಿ ಸಲವೂ ಅವನು ಗುಡ್ಡ ಹತ್ತಿ ಬಂದು, "ಎಲ್ಲ ಸರಿ ಉಂಟು. ಕ್ಲೀನ್ ಇಟ್ಟಿದ್ದಾರೆ," ಎನ್ನುತ್ತಿದ್ದ. ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಿದ್ದಳು. ಎರಡು ದಿನ ಸ್ಟೇರಿಂಗ್ ಹಿಡಿದು ಬಂದ ಮನುಷ್ಯನಿಗೆ, ನೀವು ನಿಂತದ್ದು ಯಾರದೋ ಮಗುವಿನ ಹತ್ತಿರ ಎಂದು ಯಾವ ಬಾಯಿಂದ ಹೇಳುವುದು? ದುವಾ ತಲುಪಬೇಕಾದಲ್ಲಿಗೆ ತಲುಪುತ್ತದೆ ಎಂದುಕೊಂಡಳು. ಮುಂದಿನ ವರ್ಷ ಹೇಳಿದರಾಯಿತು ಎಂದೂ ಅಂದುಕೊಂಡಳು.

ಈಗ ಮುಂದಿನ ವರ್ಷ ಎಂಬುದು ಇರಲಿಲ್ಲ. ಕೆಲಸ ಮುಗಿದು, ದೇಶ ಬಿಡುವ ಎಕ್ಸಿಟ್ ಕಾಗದ ಆಗಿತ್ತು, ತಿಂಗಳೊಳಗೆ ಊರಿಗೆ, ಉಳ್ಳಾಲಕ್ಕೆ ಮರಳಬೇಕು. ಕಡೆಯ ಸಲವಾದರೂ ಅವನು ಮಗಳ ಹತ್ತಿರವೇ ನಿಲ್ಲಬೇಕು. ಮೈಮೂನತ್‌ಗೆ ಬೇಕಾದದ್ದು ಅಷ್ಟೇ. ಅವನ ಮುಖ ಸಣ್ಣದಾಗದಂತೆ ಅದನ್ನು ಹೇಳುವುದು ಹೇಗೆಂದು ರಿಯಾದ್ ದಾಟಿದರೂ ಹೊಳೆದಿರಲಿಲ್ಲ.

ಅಲ್ ಖರ್ಜ್‌ನಲ್ಲಿ ಲಬನ್ ಕೊಳ್ಳಲು ನಿಲ್ಲಿಸಿದ. ಆ ಮಜ್ಜಿಗೆ ಕುಡಿಯದೆ ಅವರು ಯಾವತ್ತೂ ಮುಂದೆ ಹೋದದ್ದಿಲ್ಲ. ಆದರೆ ಈ ಸಲ ಅವನು ಅಲ್ಲಿಂದ ಮುಂದೆಯೂ ಮತ್ತೆ ಮತ್ತೆ ನಿಲ್ಲಿಸುತ್ತ ಬಂದ. ಹಸಿರು ಹೊಲಕ್ಕೊಂದು ಫೋಟೋ, ಒಂಟೆಗಳಿಗೊಂದು, ಮರಳ ದಿಬ್ಬಕ್ಕೆ ಎರಡು. ಬೇರೆ ವರ್ಷಗಳಲ್ಲಿ ಹೋಗುವಾಗ ಕ್ಯಾಮೆರಾ ಹೊರಗೆ ತೆಗೆಯುತ್ತಿರಲಿಲ್ಲ. ಶಂಸುನ್ನಿಸಾಗೆ ತೋರಿಸಬೇಕಾದ ಫೋಟೋಗಳೆಲ್ಲ ಮರಳಿ ಬರುವಾಗಿನವು.

"ಎಂತ ಇಷ್ಟು ಫೋಟೋ? ಈಗಲೇ ರೀಲು ಮುಗಿಸ್ತೀರಾ?" ಎಂದು ಕೇಳಿದಳು.

"ಮರಳು ನೋಡು ಮೈಮೂ, ಎಷ್ಟು ಕೆಂಪು."

"ಹೋದ ವರ್ಷವೂ ಕೆಂಪೇ ಇತ್ತು."

ಅವನು ನಗಲಿಲ್ಲ. ಕಾರು ಮತ್ತೆ ಹೊರಟಿತು. ನೇರ ರಸ್ತೆ, ಎರಡೂ ಕಡೆ ಏನೂ ಇಲ್ಲ, ಎದುರಿಗೆ ಆಗೊಂದು ಈಗೊಂದು ಲಾರಿ. ಅಂಥ ದಾರಿಯಲ್ಲಿ ಅವರಿಗೆ ಮಾತು ಕಡಿಮೆ. ಅವನು ರಸ್ತೆ ನೋಡುತ್ತಾನೆ, ಅವಳು ಕಿಟಕಿ ನೋಡುತ್ತಾಳೆ. ಒಂದು ಪೆಟ್ರೋಲ್ ಬಂಕ್ ದಾಟಿದ ಮೇಲೆ ಅವನೇ ಬಾಯಿ ತೆರೆದ.

"ಒಂದು ಹೇಳ್ಲಾ? ಈ ಸಲ ತಾಯಿಫಿಗೆ ಹೋದ್ರೆ ಹೇಗೆ? ನೀನು ಅಲ್ಲಿಯ ತೋಟ ನೋಡಿದ್ದಿಲ್ಲ."

"ತೋಟ ನಂಗೆ ಎಂತಕ್ಕೆ?"

"ಹಾಗಲ್ಲ. ಚಂದ ಉಂಟಂತೆ."

"ನಾವು ಸೀನರಿ ನೋಡ್ಲಿಕ್ಕೆ ಬಂದದ್ದಾ?" ಎಂದಳು ಮೈಮೂನತ್. ಅವನ ಕೈ ಸ್ಟೇರಿಂಗಿನ ಮೇಲೆ ಬಿಗಿಯಾದದ್ದು ಅವಳಿಗೆ ಕಂಡಿತು. ಆಗ ಅವಳಿಗೆ ಅರ್ಥವಾಯಿತು. ಜಾಗ ತಪ್ಪಿದೆ ಎಂದು ಅವನಿಗೂ ಗೊತ್ತಿದೆ. ಕಡೆಯ ಸಲವೂ ತಪ್ಪಿ ನಿಲ್ಲಲು ಅವನಿಂದ ಆಗುತ್ತಿಲ್ಲ.

ಮರುದಿನ ಸಂಜೆ ಖಮೀಸಿನಲ್ಲಿ ಖತೀಜಮ್ಮನ ಮನೆಯಲ್ಲಿ ಉಳಿದರು. ಬಂಟ್ವಾಳದ ಖತೀಜಮ್ಮ ಆಸ್ಪತ್ರೆಯಲ್ಲಿ ಆಯಾ. ಶಹಲಾಳನ್ನು ಮೀಯಿಸಿ ಬಿಳಿ ಬಟ್ಟೆ ಸುತ್ತಿ ಸಿರಾಜುದ್ದೀನನ ಕೈಗೆ ಕೊಟ್ಟವಳು ಅವಳೇ. ಅವಳು ಅಕ್ಕಿ ರೊಟ್ಟಿ ಬಡಿಸುತ್ತ, ಯಾವುದೋ ಸಂಬಂಧಿಕರ ವಿಷಯ ಹೇಳುವವಳ ಹಾಗೆ, "ಮೂಗು ನಿಮ್ಮದೇ ಇತ್ತು, ಸಿರಾಜಣ್ಣ. ಇದ್ದಿದ್ರೆ ಈಗ ಇಷ್ಟುದ್ದ ಆಗ್ತಿದ್ದಳು," ಎಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದಳು. "ಇನ್ನು ನೀವೂ ಬರುದಿಲ್ಲ. ನಾನು ಇದೇ ಊರಲ್ಲಿದ್ದು ಎಂತ ಪ್ರಯೋಜನ, ಗೇಟಿನ ಒಳಗೆ ಬಿಡುದಿಲ್ಲ."

ಸಿರಾಜುದ್ದೀನ್ ಎರಡನೆಯ ರೊಟ್ಟಿ ಮುಟ್ಟಲಿಲ್ಲ.

ಬೆಳಿಗ್ಗೆ ಮೇಲಿನ ರಸ್ತೆಗೆ ಬಂದಾಗ ಮಂಜು ಕವಿದಿತ್ತು. ಕರೆಂಟು ಕಂಬವನ್ನೇ ಹುಡುಕಿ ನಿಲ್ಲಿಸಬೇಕಾಯಿತು. ಕೆಳಗೆ ಗೋಡೆಯೂ ಇಲ್ಲ, ಮನೆಗಳೂ ಇಲ್ಲ, ಎಲ್ಲ ಬಿಳಿ. ಅವನು ಇಂಜಿನ್ ಆಫ್ ಮಾಡಲಿಲ್ಲ.

"ಮಂಜು ಹೋಗ್ಲಿ," ಎಂದಳು ಮೈಮೂನತ್.

"ಹೋಗದಿದ್ರೆ?"

"ಹೋಗ್ತದೆ. ನಿಮಗೆಂತ ಡ್ಯೂಟಿಗೆ ಲೇಟಾಗ್ತದಾ?"

ಅವನು ಇಂಜಿನ್ ಆಫ್ ಮಾಡಿ, ಬಟ್ಟೆಯಿಂದ ಗಾಜಿನ ಒಳಬದಿ ಒರೆಸಿದ. ಒರೆಸಿದ ಮೇಲೂ ಕಾಣುವುದಕ್ಕೆ ಏನೂ ಇರಲಿಲ್ಲ. ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ.

"ಮೈಮೂ, ನಂಗೆ ಜಾಗ ಗೊತ್ತಿಲ್ಲ."

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದಳು.

"ಆ ಹಳದಿ ಮನೆ ಇತ್ತಲ್ಲ, ಈಗ ಎಲ್ಲ ಹಳದಿ. ನಾನು ಅಂದಾಜಿಗೆ ಹೋಗಿ ನಿಲ್ಲುದು. ಬಂದು ನಿನ್ನ ಹತ್ರ ಸರಿ ಉಂಟು ಅಂತ ಹೇಳುದು. ಐದಾರು ವರ್ಷ ಆಯ್ತು."

"ಎಂಟು," ಎಂದಳು.

ಅವನು ತಿರುಗಿ ನೋಡಿದ. "ನಿಂಗೆ ಗೊತ್ತಿತ್ತಾ?"

"ಇಲ್ಲಿಂದ ಕಾಣ್ತದಲ್ಲ. ಒಂದು ವರ್ಷ ಮಳೆ ಅಂತ ನೀವು ಗೇಟಿನ ಹತ್ರವೇ ನಿಂತು ಬಂದ್ರಿ."

"ಹೇಳ್ಬಹುದಿತ್ತಲ್ಲ ಮಾರಾಯ್ತಿ."

"ನೀವೂ ಹೇಳ್ಬಹುದಿತ್ತು."

ಹೋಗುತ್ತ ಎರಡು ದಿನ, ಬರುತ್ತ ಎರಡು ದಿನ, ಅಷ್ಟು ವರ್ಷ ಒಂದೇ ಕಾರಿನಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆಯಾಗಿ ಹೊತ್ತುಕೊಂಡು ತಿರುಗಿದ್ದರು. ಅವಳು ಚಹಾ ಬಗ್ಗಿಸಿದಳು. ಇಬ್ಬರೂ ಕುಡಿದರು. ಕುಡಿಯುತ್ತಿರುವಾಗಲೇ ಮೊದಲು ಮನೆಗಳ ಮಾಳಿಗೆ ಕಂಡಿತು, ಆಮೇಲೆ ಗೋಡೆ, ಕಡೆಗೆ ಬಂಡೆ.

"ನಂಗೆ ಜಾಗ ಗೊತ್ತುಂಟು," ಎಂದಳು. "ನೀವು ಇಳಿದು ಹೋಗಿ. ತಪ್ಪಿದ್ರೆ ಒಂದು ಹಾರ್ನ್ ಹೊಡಿತೇನೆ. ಸರಿ ಜಾಗಕ್ಕೆ ಬಂದ್ರೆ ಎರಡು."

ಅವನು ಕೆಳಗೆ ನೋಡಿದ, ಅವಳನ್ನು ನೋಡಿದ. ಕೀಲಿಯನ್ನು ಕಾರಿನಲ್ಲೇ ಬಿಟ್ಟು ಇಳಿದ.

ಕಣಿವೆ ಡ್ರೈವರ್ ಸೀಟಿನ ಬದಿಗಿತ್ತು. ತನ್ನ ಜಾಗದಿಂದ ಬಗ್ಗಿ ಹಾರ್ನ್ ಮುಟ್ಟಿದರೆ ಕೆಳಗಿನದು ಕಾಣದು. ಮೈಮೂನತ್ ಬುರ್ಖಾ ಎತ್ತಿ ಹಿಡಿದು, ಗೇರಿನ ಮೇಲಿಂದ ದಾಟಿ, ಗಂಡನ ಸೀಟಿನಲ್ಲಿ ಕೂತಳು. ಸೀಟು ಇನ್ನೂ ಬಿಸಿಯಾಗಿತ್ತು. ಆ ದೇಶದಲ್ಲಿ ಹೆಂಗಸರು ಕೂರುವ ಜಾಗವಲ್ಲ ಅದು.

ಅವನು ಗೇಟು ದಾಟಿ ಅಭ್ಯಾಸದಂತೆ ಎಡಕ್ಕೆ ತಿರುಗಿದ. ಅವಳು ಹಾರ್ನ್ ಒತ್ತಿದಳು. ಅಷ್ಟು ದೊಡ್ಡ ಸದ್ದಿಗೆ ಅವಳೇ ಬೆಚ್ಚಿದಳು. ಅವನು ನಿಂತು ಬಲಕ್ಕೆ ಹೊರಳಿದ. ಗೋಡೆಯ ಗುಂಟ ನಡೆದ, ಒಂದು ಬಂಡೆಯ ಹತ್ತಿರ ತಡೆದ. ಕೆಳಗೆ ನಿಂತವನಿಗೆ ಎಲ್ಲ ಬಂಡೆಗಳೂ ಒಂದೇ. ಅವಳು ಮತ್ತೆ ಒತ್ತಲು ಹೊರಟಾಗ ಹಿಂದಿನಿಂದ ಒಂದು ಪಿಕಪ್ ಬಂದು ಪಕ್ಕದಲ್ಲೇ ನಿಂತಿತು.

ಅದರಲ್ಲಿ ಒಬ್ಬ ಮುದುಕ, ಆ ಊರಿನವನೇ. ಹಿಂದೆ ಎರಡು ಕುರಿಗಳು. ಅವನು ಸ್ಟೇರಿಂಗಿನ ಮುಂದಿದ್ದ ಹೆಂಗಸನ್ನು ನೋಡಿ ಹುಬ್ಬು ಗಂಟಿಕ್ಕಿ ಏನೋ ಕೇಳಿದ. ಗಂಡಸು ಎಲ್ಲಿ ಎಂದು ಕೇಳಿದನೆಂದು ಅವಳಿಗೆ ತಿಳಿಯಿತು. ಅರಬಿಯಲ್ಲಿ ಅಷ್ಟನ್ನೆಲ್ಲ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಕೆಳಗೆ ಬೆರಳು ತೋರಿಸಿದಳು. ಆಮೇಲೆ ಎರಡು ಕೈಗಳನ್ನೂ ಎದೆಯ ಹತ್ತಿರ ತಂದು, ಮಗುವನ್ನು ಹಿಡಿದ ಹಾಗೆ ಹಿಡಿದಳು.

ಮುದುಕ ಕೆಳಗೆ ನೋಡಿದ. ಗೋರಿಗಳ ನಡುವೆ ದಾರಿ ತಿಳಿಯದೆ ನಿಂತ ಒಬ್ಬನೇ ಒಬ್ಬ. ಮುದುಕನ ಹುಬ್ಬು ಸಡಿಲವಾಯಿತು. "ಅಲ್ಲಾ ಕರೀಮ್," ದೇವರು ಕರುಣಾಳು, ಎಂದು ಮೆಲ್ಲಗೆ ಹೇಳಿ, ಕುರಿಗಳ ಸಮೇತ ಮುಂದೆ ಹೋದ.

ಅವಳು ಒಂದು ಹಾರ್ನ್ ಹೊಡೆದಳು. ಸಿರಾಜುದ್ದೀನ್ ಆ ಬಂಡೆ ಬಿಟ್ಟು ಮುಂದಿನದಕ್ಕೆ ಹೋದ. ಹೆಜ್ಜೆ ಹೆಜ್ಜೆಗೂ ಮೇಲೆ ನೋಡುತ್ತ, ಕತ್ತಲೆಯಲ್ಲಿ ನಡೆಯುವವನ ಹಾಗೆ ಕೈಗಳನ್ನು ಸ್ವಲ್ಪ ಮುಂದೆ ಚಾಚಿಕೊಂಡು. ಬೂದು ಬಂಡೆಯ ತುದಿ ದಾಟಿದ. ಅಲ್ಲಿ. ಅವಳು ಎರಡು ಸಲ ಒತ್ತಿದಳು.

ಅವನು ನಿಂತ. ಬಗ್ಗಿ ನೆಲ ನೋಡಿದ. ದುವಾಕ್ಕೆ ಕೈ ಎತ್ತಲಿಲ್ಲ, ಮೊದಲು ಮೊಣಕಾಲೂರಿ ಕೂತ. ಅಲ್ಲಿಂದ ಬಹಳ ಹೊತ್ತು ಏಳಲಿಲ್ಲ. ಬೇರೆ ವರ್ಷಗಳಲ್ಲಿ ಅವನು ಬೇಗ ಬರುತ್ತಿದ್ದ, ಈ ಸಲ ಮೇಲೆಯೂ ನೋಡಲಿಲ್ಲ. ಅಪ್ಪ ಮಗಳು ಇಬ್ಬರೂ ಈಗ ಕೆಳಗೆ ಒಂದೇ ಕಡೆ ಇದ್ದರು. ಮೇಲೆ ಅವಳೊಬ್ಬಳು. ಅವಳಿಗೆ ಬೇಕಾಗಿದ್ದದ್ದು ಇದೇ. ಆದರೂ ಇನ್ನೊಮ್ಮೆ ಹಾರ್ನ್ ಹೊಡೆದುಬಿಡಬೇಕು ಎನಿಸಿತು. ಕೈಯನ್ನು ಅಲ್ಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಅವನು ಹತ್ತಿ ಬಂದಾಗ ಮೊಣಕಾಲಿನಲ್ಲಿ ಮಣ್ಣಿತ್ತು. ತನ್ನ ಸೀಟಿನಲ್ಲಿ ಕೂತಿದ್ದ ಹೆಂಡತಿಯನ್ನು ನೋಡಿ, ಏಳು ಎನ್ನದೆ, ಸುತ್ತು ಬಂದು ಅವಳ ಜಾಗದಲ್ಲಿ ಕೂತ. ಎಲ್ಲ ಸರಿ ಉಂಟು ಎಂದು ಈ ಸಲ ಹೇಳಲಿಲ್ಲ.

"ಕಲ್ಲು ಉಂಟು," ಎಂದ. "ನಾನು ಇಟ್ಟದ್ದೇ. ಒಂದು ಬದಿ ಒಡೆದಿತ್ತಲ್ಲ, ಹಾಗೇ ಉಂಟು."

"ನಂಗೆ ಹೇಗೆ ಗೊತ್ತು ಒಡೆದದ್ದು? ನೀವು ಹೇಳಿದ್ದಿಲ್ಲ."

"ಹೇಳಿದ್ದಿಲ್ಲವಾ?"

"ಇಲ್ಲ. ಬೇರೆ ಎಂತ ಉಂಟು?"

"ಬದಿಯಲ್ಲಿ ಒಂದು ಸಣ್ಣ ಗಿಡ. ಮುಳ್ಳಿನದ್ದು. ಕಿತ್ತು ಹಾಕುವ ಅಂತ ಮಾಡಿದೆ, ಮತ್ತೆ ಬೇಡ ಅಂತ ಬಿಟ್ಟೆ. ಸ್ವಲ್ಪ ನೆರಳು ಬೀಳ್ತದೆ."

"ಒಳ್ಳೇದಾಯ್ತು," ಎಂದಳು. ಆಮೇಲೆ ಅಷ್ಟು ವರ್ಷವೂ ಕೇಳದೆ ಉಳಿದದ್ದನ್ನು ಕೇಳಿದಳು. "ಅವಳ ಗೋರಿ ಎಷ್ಟು ಉದ್ದ ಉಂಟು?"

ಸಿರಾಜುದ್ದೀನ್ ಗಾಳಿಯಲ್ಲಿ ಎರಡು ಕೈ ಹಿಡಿದು ತೋರಿಸಿದ. ಗಾಳಿಯಲ್ಲಿನ ಆ ಅಳತೆ ಅವಳ ಕಣ್ಣಿಗೆ ನಿಲ್ಲದೆ ಹೋಯಿತೇನೋ, ಸ್ಟೇರಿಂಗಿನ ಈ ಬದಿಗೆ ಒಂದು ಕೈ, ಆ ಬದಿಗೆ ಒಂದು ಕೈ ಇಟ್ಟು ಬಿಗಿಯಾಗಿ ಹಿಡಿದಳು.

"ಇಷ್ಟಾ?"

ಅವನು ಅವಳ ಕೈಗಳನ್ನು ನೋಡಿದ. "ಇನ್ನೊಂದು ಸ್ವಲ್ಪ," ಎಂದ.