ಹುಬ್ಬಳ್ಳಿಯಿಂದ ಮುಂಬಯಿಗೆ ಬಂದ ಗಂಗೆ

ಶ್ರೀಪಾದ ತೀರಿಕೊಂಡ ಸುದ್ದಿ ಅವನ ಅಕ್ಕ ಗೋದಾಬಾಯಿಗೆ ತಿಳಿದದ್ದು ಮುಂಬಯಿಯ ಟ್ಯಾಕ್ಸಿಯಲ್ಲಿ. ಆಗ ನಾನು ಅವಳ ಮಡಿಲಲ್ಲಿದ್ದೆ. ಫೋನು ಕೆಳಗಿಟ್ಟು ನನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅಳಲಿಲ್ಲ.

ನಾನು ಒಂದು ತಾಮ್ರದ ಪುಟ್ಟ ಗಿಂಡಿ. ಹುಟ್ಟಿದ್ದು ಕಾಶಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ. ನನ್ನನ್ನು ಬಡಿದು ರೂಪಿಸಿದವನು ಹೊಟ್ಟೆಗೆ ಗಂಗೆಯನ್ನು ತುಂಬಿ ಬಾಯಿಗೆ ಬೆಸುಗೆ ಹಾಕಿದ. ಮನೆಯವರೊಬ್ಬರ ಕೊನೆಯ ಗುಟುಕಿಗಾಗಿ ಅದನ್ನು ಒಡೆಯಬೇಕು, ಅಲ್ಲಿಯವರೆಗೆ ಮುಟ್ಟಬಾರದು.

ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಶ್ರೀಪಾದ ಯಾತ್ರೆಗೆ ಬಂದವನು ನನ್ನನ್ನು ಕೊಂಡ. ಹುಬ್ಬಳ್ಳಿಗೆ ತಂದು, ತಾಯಿಯಿಲ್ಲದ ತನ್ನನ್ನು ಬೆಳೆಸಿದ ಅಕ್ಕನ ಕೈಗೆ ಕೊಟ್ಟ.

"ಇದನ್ನ ನನ್ನ ಬಾಯಾಗ ಹಾಕಲಿಕ್ಕೆ ನೀನ ಬರಬೇಕು ನೋಡು," ಎಂದಳು ಗೋದಕ್ಕ.

"ವಿಮಾನದಾಗ ಒಂದು ತಾಸಿನ ಹಾದಿ ಅಕ್ಕಾ. ಚಹಾ ಕುಡಿಯೂದ್ರಾಗ ಬಂದುಬಿಡ್ತೀನಿ."

"ನೀ ಚಹಾ ಕುಡಿಯೂದು ಗೊತ್ತದ ಬಿಡು. ಅಷ್ಟರಾಗ ನಾ ಸುಟ್ಟು ಬೂದಿ ಆಗಿರ್ತೀನಿ!"

ಇಬ್ಬರೂ ನಕ್ಕರು. ಆಮೇಲೆ ಬಹಳ ವರ್ಷ ದೇವರ ಕೋಣೆಯಲ್ಲಿ ಕುಳಿತೆ. ಅವಳು ದಿನವೂ ನನಗೆ ಕುಂಕುಮ ಹಚ್ಚಿ, ತಮ್ಮನ ಆಯುಷ್ಯಕ್ಕಾಗಿ ಬೇಡುತ್ತಿದ್ದಳು. ಆದರೆ ಹಾಸಿಗೆ ಹಿಡಿದವನು ತಮ್ಮನೇ. ವೈದ್ಯರು ಕೈಬಿಟ್ಟರೆಂದು ತಿಳಿದ ದಿನ ಗೋದಕ್ಕ ನನ್ನನ್ನು ಎತ್ತಿಕೊಂಡು ಹೊರಟಳು. ತನ್ನ ಕೈಯಿಂದಲೇ ಅವನಿಗೆ ಗಂಗೆಯನ್ನು ಕೊಡಬೇಕು, ಅದೊಂದೇ ಅವಳ ಹಟ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ತಡೆದಳು.

"ಅಜ್ಜಿ, ಬಾಯಿ ಮುಚ್ಚಿದ ನೀರು ಕೈಯಾಗ ಒಯ್ಯಾಕ ಬರಂಗಿಲ್ರಿ. ಹಿಂದಕ ಹೋಗಿ ಸಾಮಾನಿನ್ಯಾಗ ಹಾಕ್ರಿ."

"ಮಂದಿ ಚಪ್ಪಲಿ ಇರೋ ಚೀಲದ ಬಾಜೂಕ ಗಂಗಾನ್ನ ಇಡಲೇನ ತಂಗಿ?"

"ಇಲ್ಲಾಂದ್ರ ಇಲ್ಲೇ ಬಿಡಬೇಕಾಗ್ತದ್ರಿ."

ಗೋದಕ್ಕ ತನ್ನ ಮಡಿಸೀರೆಯನ್ನು ನನಗೆ ಸುತ್ತಿ, ಕಣ್ಣು ಮುಚ್ಚಿ ಕ್ಷಮೆ ಬೇಡಿ, ಚೀಲದಲ್ಲಿಟ್ಟು ಒಪ್ಪಿಸಿದಳು.

ಆಕಾಶದ ದಾರಿ ಶ್ರೀಪಾದ ಹೇಳಿದಷ್ಟೇ ಇತ್ತು. ಇಳಿದ ಮೇಲೆ ಸಾಮಾನು ಬರಲು ತಡವಾಯಿತು. ತಮ್ಮನ ಹೆಂಡತಿ ಕಮಲಾಕ್ಷಿಯ ಫೋನು ಬಂತು: "ಅಕ್ಕಾ, ಲಗೂನ ಬರ್ರಿ." ಚೀಲ ಬಿಟ್ಟು ಓಡಬಹುದಿತ್ತು. "ಗಂಗಾ ಬರಲಿ, ಬಂದೆ," ಎಂದು ಅವಳು ನಿಂತೇ ಇದ್ದಳು. ಕೊನೆಗೆ ನನ್ನನ್ನು ಎದೆಗವಚಿಕೊಂಡು ಟ್ಯಾಕ್ಸಿ ಹತ್ತಿದಳು. ಊರೊಳಗಿನ ದಾರಿ ಸಾಗಲೇ ಇಲ್ಲ. ನಾವು ನಿಂತ ವಾಹನಗಳ ನಡುವೆ ಸಿಕ್ಕಿಕೊಂಡಿದ್ದಾಗ ಆ ಸುದ್ದಿ ಬಂತು.

ಮನೆಯಲ್ಲಿ ಶ್ರೀಪಾದನನ್ನು ನೆಲಕ್ಕೆ ಇಳಿಸಿದ್ದರು. ಗೋದಕ್ಕ ಪಕ್ಕದಲ್ಲಿ ಕುಳಿತು ಕೇಳಿದಳು, "ಗಂಗಾ ಬೇಡಿದನೇನ ಕಮಲಾ?"

"ಇಲ್ಲ ಅಕ್ಕಾ. 'ಅಕ್ಕ ಎಲ್ಲೀತನಕ ಬಂದ್ಲು' ಅಂತ ಅದನ್ನಽ ಕೇಳ್ಕೋತ ಇದ್ರು. ತಡೀಲಾರದ, ಬಾಗಲಿಗೆ ಬಂದಾರ ಅಂದೆ. ಕಣ್ಣು ಮುಚ್ಚಿದ್ರು."

ಆಗ ಗೋದಕ್ಕ ಅತ್ತಳು. ಯಾರೋ ನನ್ನ ಬೆಸುಗೆ ಒಡೆದು ಕೊಟ್ಟರು. ಮುಚ್ಚಿದ ತುಟಿಗೆ ಅವಳು ಹನಿಸಿದ ನೀರು ಗದ್ದದ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿದಳು, ಚಿಕ್ಕವನಿಗೆ ಉಣಿಸಿ ಒರೆಸುವಂತೆ.

ಈಗ ನಾನು ಬರಿದಾದ ಮುದಿ ಗಿಂಡಿ, ಮತ್ತೆ ಹುಬ್ಬಳ್ಳಿಯ ದೇವರ ಕೋಣೆಯ ಮೂಲೆಯಲ್ಲಿದ್ದೇನೆ. ಗೋದಕ್ಕ ತನಗೆಂದು ಬೇರೆ ಗಂಗೆಯನ್ನು ತರಿಸಿಕೊಂಡಿಲ್ಲ. ನೀರಿಗಾಗಿ ನಿಂತಳು, ಅವನು ಕಾದದ್ದು ಅವಳಿಗಾಗಿ. ಇದನ್ನು ಅವಳು ಯಾರಿಗೂ ಹೇಳುವುದಿಲ್ಲ. ದೀಪ ಹಚ್ಚುವಾಗ ಮಾತ್ರ ಅವಳ ಕೈ ಒಂದು ಗಳಿಗೆ ನಿಲ್ಲುತ್ತದೆ, ನಾನೂ ಅವಳೊಂದಿಗೆ ಬೇಡುತ್ತೇನೆ:

ನಾರಾಯಣಾ, ಆ ಜೀವ ಇನ್ನು ಯಾರ ದಾರಿಯನ್ನೂ ಕಾಯದಿರಲಿ. ನಿನ್ನ ಪಾದದ ಬಳಿ ಅವನಿಗೆ ಶಾಂತಿ ಸಿಗಲಿ.