ನಂದಿತಾ ಕೇಳದ ಸೀಟು

ಸಿಇಟಿಯ ಕೊನೆಯ ಸುತ್ತಿನ ಸೀಟು ಹಂಚಿಕೆ ಪ್ರಕಟವಾದ ಮಂಗಳವಾರ ದೇವನೂರಿನ ಪಲ್ಲವಿಯ ಫೋನಿನಲ್ಲಿ ಹೊಸದೇನೂ ಕಾಣಿಸಲಿಲ್ಲ. ಹಿಂದಿನ ಸುತ್ತಿನಲ್ಲಿ ಸಿಕ್ಕಿದ್ದ ಚಾಮರಾಜನಗರದ ಸರ್ಕಾರಿ ಕಾಲೇಜಿನ ಸಿವಿಲ್ ಸೀಟೇ ಅವಳ ಹೆಸರಿನ ಮುಂದೆ ಹಾಗೇ ಕೂತಿತ್ತು. ಅದನ್ನು ಕೈಯಲ್ಲಿಟ್ಟುಕೊಂಡೇ ಅವಳು ಕಾದಿದ್ದು ಮೈಸೂರಿನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟಿಗಾಗಿ.

ಅವಳಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ಅಪ್ಪನ ಕೆಲಸದಿಂದ. ಸಣ್ಣಯ್ಯ ಪಂಚಾಯಿತಿಯ ವಾಟರ್‌ಮನ್. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಎಂಬ ಜಗಳ ದಿನಾ ಇದ್ದದ್ದೇ. ಪಲ್ಲವಿ ಅಪ್ಪನ ಫೋನಿನಲ್ಲಿ ಒಂದು ಪಟ್ಟಿ ಮಾಡಿಕೊಟ್ಟಿದ್ದಳು. ಕರೆಂಟು ಹೋದ ಗಂಟೆಗಳನ್ನು ತುಂಬಿದರೆ ನೀರಿನ ಸರದಿ ತಾನಾಗಿ ಬದಲಾಗುತ್ತಿತ್ತು. ಪಂಚಾಯಿತಿಯ ಪಿಡಿಒ ಅದನ್ನು ನೋಡಿ, "ಇದನ್ನೇ ಓದಮ್ಮ" ಎಂದಿದ್ದರು. ಅವಳಿಗೂ ಇದನ್ನು ಬಿಟ್ಟು ಇನ್ನೇನೂ ಓದುವ ಮನಸ್ಸಿರಲಿಲ್ಲ.

ಸಂಜೆ ಕಾಲೇಜುವಾರು ಕಟಾಫ್ ಪಟ್ಟಿ ಬಂತು. ಆ ಕಾಲೇಜಿನ ಆ ವಿಭಾಗದಲ್ಲಿ ಸೀಟು ಪಡೆದ ಕೊನೆಯ ರ‍್ಯಾಂಕು 21,406. ಪಲ್ಲವಿಯದು 21,419.

ಹದಿಮೂರೇ ರ‍್ಯಾಂಕು ಎಂದು ಮೊದಲು ಸಂಕಟವಾಯಿತು. ಆಮೇಲೆ ಆ ಸಂಖ್ಯೆ ಅವಳನ್ನು ಚುಚ್ಚಿತು. 21,406 ಯಾರದೆಂದು ಅವಳಿಗೆ ಗೊತ್ತಿತ್ತು. ನಂಜನಗೂಡಿನ ಪಿಯು ಕಾಲೇಜಿನಲ್ಲಿ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತ ನಂದಿತಾಳದು. ಫಲಿತಾಂಶದ ದಿನ ಇಬ್ಬರೂ ಅಂಕಪಟ್ಟಿ ಜೋಡಿಸಿ ಹಿಡಿದು, ರ‍್ಯಾಂಕಿನಲ್ಲೂ ಪಕ್ಕಪಕ್ಕದಲ್ಲೇ ಕೂತಿದ್ದೀವಿ ಎಂದು ನಕ್ಕಿದ್ದರು.

ಆದರೆ ನಂದಿತಾ ಟೀಚರಾಗುತ್ತೇನೆಂದು ಬೇರೆ ಪರೀಕ್ಷೆ ಬರೆದು, ಮೈಸೂರಿನಲ್ಲಿ ಬಿಎಸ್ಸಿ-ಬಿಎಡ್ ಸೇರಿ ಆಗಲೇ ಮೂರು ವಾರವಾಗಿತ್ತು. "ಇಂಜಿನಿಯರಿಂಗ್‌ಗೆ ನಾನು ಆಪ್ಷನ್ನೇ ತುಂಬಲ್ಲ, ನೀನು ಹೆದರ್ಬೇಡ" ಎಂದು ಅವಳೇ ಹೇಳಿದ್ದಳು.

"ಫೋನ್ ಮಾಡಿ ಕೇಳು," ಅಂದಳು ತಾಯಿ ಚಿಕ್ಕಬಸಮ್ಮ.

"ಫೋನಲ್ಲಿ ಕೇಳೋ ಮಾತಲ್ಲ ಕಣವ್ವ. ಮುಖ ನೋಡಿ ಕೇಳ್ಬೇಕು."

ನಂದಿತಾ ರಜೆಗೆ ತನ್ನೂರು ತಿ. ನರಸೀಪುರಕ್ಕೆ ಬಂದಿರುವುದು ಪಲ್ಲವಿಗೆ ಗೊತ್ತಿತ್ತು. ಬುಧವಾರ ಬೆಳಗಿನ ಬಸ್ಸಿಗೆ ನಂಜನಗೂಡಿಗೆ ಬಂದು, ಅಲ್ಲಿಂದ ತಿ. ನರಸೀಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಜೋಡಿಸಿಕೊಂಡಳು. ಒಂದೂ ಸಾಕೆನಿಸಲಿಲ್ಲ.

ಬಾಗಿಲು ತೆರೆದದ್ದು ನಂದಿತಾಳೇ. ನಗುತ್ತಾ ಕೈ ಹಿಡಿಯಲು ಬಂದಳು. ಪಲ್ಲವಿ ಕೈ ಕೊಡಲಿಲ್ಲ.

"ಸೇರೋಕೆ ಇಷ್ಟ ಇಲ್ದಿದ್ಮೇಲೆ ಯಾಕೆ ತಗೊಂಡೆ?"

"ಏನನ್ನ?"

"ಸಿಎಸ್ ಸೀಟು. ಇಪ್ಪತ್ತೊಂದು ಸಾವಿರದ ನಾನೂರಾ ಆರು ನಿಂದಲ್ವಾ? ಕೊನೇ ಸೀಟು ನಿನಗೇ ಬಂದಿದೆ. ನಂಗೆ ಹೇಳಿದ್ದೇ ಒಂದು, ಮಾಡಿದ್ದೇ ಒಂದು."

ನಂದಿತಾಳ ಮುಖದಲ್ಲಿ ನಗು ಹೋಗಿ ಗಾಬರಿ ಬಂತು. ಪಲ್ಲವಿಯ ಫೋನಿನಲ್ಲಿದ್ದ ಪಟ್ಟಿಯನ್ನು ಎರಡು ಸಲ ನೋಡಿದಳು.

"ನಾನು ಆ ಸೈಟನ್ನ ಓಪನ್ನೇ ಮಾಡಿಲ್ಲ ಪಲ್ಲವಿ. ನಮ್ಮಜ್ಜಿ ಆಣೆಗೂ ಮಾಡಿಲ್ಲ."

ಒಳಗಿದ್ದ ಅಜ್ಜಿ ಮಲ್ಲಾಜಮ್ಮ ಹೊರಗೆ ಬಂದು, "ಯಾಕ್ರವ್ವ ಬಾಗ್ಲಲ್ಲೇ ನಿಂತ್ಕಂಡ್ರಿ, ಒಳಕ್ ಬನ್ನಿ" ಎಂದರು. ಇಬ್ಬರೂ ಕದಲಲಿಲ್ಲ. ಸುಳ್ಳು ಹೇಳುವಾಗ ನಂದಿತಾಳಿಗೆ ಕಿವಿ ಕೆಂಪಾಗುತ್ತದೆಂದು ಪಲ್ಲವಿಗೆ ಗೊತ್ತು. ಈಗ ಅವಳ ಇಡೀ ಮುಖ ಬಿಳಿಚಿಕೊಂಡಿತ್ತು.

"ಪಾಸ್‌ವರ್ಡ್ ಯಾರ ಹತ್ರ ಇದೆ?" ಕೇಳಿದಳು ಪಲ್ಲವಿ.

ನಂದಿತಾ ಯೋಚಿಸಿ ಹೇಳಿದಳು. ಅರ್ಜಿ ಹಾಕಿದ್ದು ಇಲ್ಲಿಯದೇ ಒಂದು ಸೈಬರ್ ಅಂಗಡಿಯಲ್ಲಿ. ಅಂಗಡಿಯ ಕಾಂತರಾಜು ಅಪ್ಪನಿಗೆ ಪರಿಚಯ. "ನಿಮ್ ಫೋನಿಗೆ ಇಲ್ಲಿ ಸಿಗ್ನಲ್ ಬರಲ್ಲ, ನನ್ನ ನಂಬರೇ ಹಾಕ್ತೀನಿ, ಒಟಿಪಿ ಬೇಗ ಬರುತ್ತೆ" ಎಂದಿದ್ದ. ಪಾಸ್‌ವರ್ಡನ್ನೂ ಅವನೇ ಹಾಕಿ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡಿದ್ದ.

"ನಡಿ," ಅಂದಳು ಪಲ್ಲವಿ.

ಅಂಗಡಿಯಲ್ಲಿ ಪಹಣಿ, ಆಧಾರ್ ಎಂದು ಏಳೆಂಟು ಜನ ಕಾಯುತ್ತಿದ್ದರು. ಕಾಂತರಾಜು ಹಣೆಗೆ ವಿಭೂತಿಯಿಟ್ಟು, ಗರಿಗರಿ ಅಂಗಿ ತೊಟ್ಟು ಕೂತಿದ್ದ. ನಂದಿತಾ ವಿಷಯ ಹೇಳಿದಾಗ ತಲೆ ಎತ್ತದೆ ಟೈಪ್ ಮಾಡುತ್ತಲೇ, "ಅದು ಸರ್ವರ್ ಪ್ರಾಬ್ಲಮ್ ಇರ್ತದೆ ಕಣಮ್ಮ. ಬೆಂಗಳೂರಲ್ಲಿ ಕೇಳ್ಬೇಕು" ಎಂದ.

ಪಲ್ಲವಿ ತನ್ನ ಫೋನಿನಲ್ಲಿ ಸಿಇಟಿಯ ಪುಟ ತೆರೆದು ನಂದಿತಾಳ ಅರ್ಜಿ ಸಂಖ್ಯೆ ಹಾಕಿ, ಪಾಸ್‌ವರ್ಡ್ ಮರೆತಿದೆ ಎಂಬಲ್ಲಿ ಒತ್ತಿದಳು. ಕಾಂತರಾಜುವಿನ ಮೇಜಿನ ಮೇಲಿದ್ದ ಫೋನು ಟಿಂಗ್ ಎಂದಿತು.

"ಅದು ನನ್ನ ಒಟಿಪಿ," ಅಂದಳು ನಂದಿತಾ. "ಓದಿ."

"ಯಾವ್ದೋ ಕಂಪ್ನಿ ಮೆಸೇಜು."

"ಹಾಗಾದ್ರೆ ಎಲ್ಲರಿಗೂ ತೋರಿಸಿ."

ಕಾಂತರಾಜು ಫೋನನ್ನು ಜೇಬಿಗೆ ಹಾಕಿಕೊಳ್ಳಲು ಹೋದ. ಪಹಣಿಗೆ ಕಾದು ಕೂತಿದ್ದ ತಿಮ್ಮಯ್ಯ ಎಂಬ ಮುದುಕ ಎದ್ದು ನಿಂತ. "ಲೇ ಕಾಂತ್ರಾಜು, ಆ ಮಗೀಗ್ ಬಂದದ್ದು ಅಂದ್ರೆ ಓದ್ಬುಡು. ನಿನ್ನಪ್ಪನ ಮನೇದೇನ್ಲಾ ಅದು? ನಮ್ ಆಧಾರ್ ನಂಬ್ರೂ ಎಲ್ಲಾ ನಿನ್ ತಾವೇ ಅವೆ. ಅದ್ಕೂ ಇಂಗೇ ಮಾಡಿದ್ದೀಯಾ ಏನು?" ಕೂತಿದ್ದವರೆಲ್ಲ ತಮ್ಮ ಕಾಗದಗಳನ್ನು ನೋಡಿಕೊಂಡರು. ಒಬ್ಬ ಹೆಂಗಸು ಮೇಜಿನ ಮೇಲಿದ್ದ ತನ್ನ ರೇಷನ್ ಕಾರ್ಡನ್ನು ವಾಪಸ್ ತೆಗೆದುಕೊಂಡಳು.

ಕಾಂತರಾಜು ಆರು ಅಂಕಿಗಳನ್ನು ಗೊಣಗಿದ.

ಪುಟ ತೆರೆಯಿತು. ಆಯ್ಕೆಗಳ ಪಟ್ಟಿಯಲ್ಲಿ ಇದ್ದದ್ದು ಒಂದೇ ಒಂದು ಕಾಲೇಜು, ಒಂದೇ ವಿಭಾಗ. ಯಾವ ವಿದ್ಯಾರ್ಥಿಯೂ ಒಂದೇ ಆಯ್ಕೆ ತುಂಬುವುದಿಲ್ಲ. ಪಲ್ಲವಿ ನಲವತ್ತೆರಡು ತುಂಬಿದ್ದಳು. ತುಂಬಿದ ಸಮಯ ಹಿಂದಿನ ಗುರುವಾರ ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿಗೆ ನಂದಿತಾ ಮೈಸೂರಿನಲ್ಲಿ ತರಗತಿಯಲ್ಲಿದ್ದಳು, ಹಾಜರಿಯೂ ಇದೆ.

"ನೋಡಮ್ಮ," ಕಾಂತರಾಜು ದನಿ ಇಳಿಸಿದ. "ನಿಂಗ್ ಹೆಂಗೂ ಬ್ಯಾಡಾಗಿತ್ತು. ಬಳಸ್ದೇ ಇರೋ ರ‍್ಯಾಂಕು, ಸುಮ್ನೆ ಬಿದ್ದಿತ್ತು. ಮೇಲ್ನೋರು ಕೇಳಿದ್ರು, ಕೊಟ್ಟೆ. ಇದ್ರಲ್ಲಿ ನಿಂಗೇನು ಹೋಯ್ತು?"

"ನನ್ನ ಹೆಸರು ಹೋಯ್ತು," ಅಂದಳು ನಂದಿತಾ. "ಇವಳು ನನ್ನನ್ನ ಕಳ್ಳಿ ಅಂದ್ಕೊಂಡು ಬಂದಳು."

ಪಲ್ಲವಿ ಮೇಜಿನ ಹತ್ತಿರಕ್ಕೆ ಬಂದಳು. "ಎರಡು ವರ್ಷ ಬೆಳಗ್ಗೆ ಆರೂವರೆ ಬಸ್ಸಿಗೆ ಹೋಗಿ ಓದಿದ್ದೀನಿ. ಕೋಚಿಂಗೂ ಇಲ್ಲ ಏನೂ ಇಲ್ಲ. ದಾರೀಲಿ ಸಿಕ್ಕಿದ ರ‍್ಯಾಂಕಲ್ಲ ಅದು, ಸುಮ್ನೆ ಬಿದ್ದಿರೋಕೆ. ಅವಳು ಬಿಟ್ಟುಕೊಟ್ಟ ಜಾಗ ಹಿಂದೆ ನಿಂತಿರೋರಿಗೆ ಸೇರಬೇಕು. ನಿಮ್ಮ ಮೇಲ್ನೋರಿಗಲ್ಲ."

ಅವನು ಉತ್ತರಿಸುವ ಮೊದಲೇ ನಂದಿತಾ ಮೇಜಿನ ಪಕ್ಕದಲ್ಲಿದ್ದ ಉದ್ದನೆಯ ಪುಸ್ತಕವನ್ನು ಎಳೆದು ತನ್ನ ಹೆಸರಿದ್ದ ಹಾಳೆ ತೆರೆದಳು. ಆ ಹಾಳೆಯಲ್ಲಿ ಅವಳದೂ ಸೇರಿ ಐದು ಹೆಸರುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿತ್ತು. ಕಾಂತರಾಜು ಪುಸ್ತಕ ಕಿತ್ತುಕೊಳ್ಳುವಷ್ಟರಲ್ಲಿ ಪಲ್ಲವಿ ಫೋಟೊ ತೆಗೆದಾಗಿತ್ತು.

ನಂದಿತಾಳ ಅಪ್ಪ ಸೋಮಶೇಖರ್ ಬೀಜ-ಗೊಬ್ಬರದ ಅಂಗಡಿಯಲ್ಲಿದ್ದರು. ಎಲ್ಲ ಕೇಳಿ, "ಪೊಲೀಸು ಗಿಲೀಸು ಬೇಡಮ್ಮ. ಹೆಣ್ಣುಮಕ್ಕಳು ನೀವು. ದೊಡ್ಡ ಕಾಲೇಜಿನೋರ ತಂಟೆ ನಮಗ್ಯಾಕೆ" ಎಂದರು.

"ಸೀಟು ತಗೊಂಡು ಸೇರದೇ ಇದ್ರೆ ದಂಡದ ನೋಟೀಸು ಯಾರ ಹೆಸರಿಗೆ ಬರುತ್ತೆ ಅಪ್ಪಾಜಿ? ನನ್ನ ಹೆಸರಿಗೇ ಅಲ್ವಾ? ಸುಮ್ನಿದ್ರೆ ನಾನೇ ಮಾಡ್ದೆ ಅಂತಾಗುತ್ತೆ."

ಸೋಮಶೇಖರ್ ಅಂಗಡಿಯ ಶಟರ್ ಎಳೆದು ಅವರೊಂದಿಗೆ ಹೊರಟರು.

ಠಾಣೆಯಲ್ಲಿ ಒಬ್ಬರು, ಇದು ಬೆಂಗಳೂರಿನ ವ್ಯವಹಾರ, ಇಲ್ಲಿಗೆ ಬರುವುದಿಲ್ಲ ಎಂದರು. ಪಲ್ಲವಿ, "ಅಂಗಡಿ ಇಲ್ಲಿದೆ, ಫೋನು ಇಲ್ಲಿದೆ, ಒಟಿಪಿ ಇಲ್ಲಿಗೇ ಬಂತು ಸಾರ್" ಎಂದಳು. ಎರಡು ಗಂಟೆ ಕೂತ ಮೇಲೆ ಅರ್ಜಿ ತೆಗೆದುಕೊಂಡು, ಸ್ವೀಕರಿಸಿದ್ದಕ್ಕೆ ಹಿಂಬರಹ ಕೊಟ್ಟರು. ಅದನ್ನೂ ಸೇರಿಸಿ ನಂದಿತಾ ಬೆಂಗಳೂರಿನ ಸಿಇಟಿ ಕಚೇರಿಗೆ ಮೇಲ್ ಕಳಿಸಿದಳು: ಈ ಸೀಟು ನಾನು ಕೇಳಿಲ್ಲ, ರದ್ದು ಮಾಡಿ, ಮುಂದಿನ ರ‍್ಯಾಂಕಿನವರಿಗೆ ಕೊಡಿ. ಗುರುವಾರವಿಡೀ ಸಹಾಯವಾಣಿಗೆ ಫೋನ್ ಮಾಡಿದರು. ಸಿಕ್ಕ ಉತ್ತರ ಇಷ್ಟೇ: ರದ್ದು ಮಾಡಬಹುದು, ಆದರೆ ಇನ್ನೊಂದು ಸುತ್ತು ಇಲ್ಲ.

ಕೊನೆಯ ಸುತ್ತಿನಲ್ಲಿ ಹೊಸ ಸೀಟು ಸಿಕ್ಕವರು ಕಾಲೇಜಿಗೆ ವರದಿ ಮಾಡಿಕೊಳ್ಳಲು ಶುಕ್ರವಾರ ಕೊನೆಯ ದಿನ; ಹಿಂದಿನ ಸುತ್ತಿನ ಸೀಟು ಉಳಿಸಿಕೊಂಡವರಿಗೆ ಸೋಮವಾರದವರೆಗೆ ಸಮಯವಿತ್ತು. ಶನಿವಾರ ಪಲ್ಲವಿಯೂ ಸಣ್ಣಯ್ಯನೂ ಮೈಸೂರಿನ ಆ ಕಾಲೇಜಿಗೆ ಹೋದರು. ಗುಮಾಸ್ತ ಒಳ್ಳೆಯ ಮಾತಿನಲ್ಲೇ ವಿವರಿಸಿದ. ಕೊನೆಯ ಸುತ್ತಿನವರು ಬಂದು ಸೇರದಿದ್ದರೆ ಆ ಸೀಟು ಆಡಳಿತ ಮಂಡಳಿಗೆ. ಅವರು ತಾವು ಹೇಳಿದ ಶುಲ್ಕಕ್ಕೆ ಯಾರಿಗೆ ಬೇಕಾದರೂ ಕೊಡಬಹುದು. ನಿಯಮವೇ ಹಾಗೆ.

"ಅಂಗಾರೆ ಖಾಲಿ ಆಗ್ಲಿ ಅಂತ್ಲೇ ಆ ಮಗೀನ ಎಸ್ರು ಆಕಿದ್ದು," ಅಂದ ಸಣ್ಣಯ್ಯ. "ನಾನೂ ಊರ್ಗೆ ನೀರ್ ಬುಡೋನೇ ಸಾ. ಒಂದ್ ಬೀದಿ ವಾಲ್ವ್ ಕಟ್ಬುಟ್ಟು, ಆ ನೀರ್ನ ಇನ್ನೊಬ್ರಿಗೆ ಮಾರ್ಕಂಡ್ರೆ ನಮ್ಮೋರು ನನ್ನ ಕಂಬಕ್ ಕಟ್ತಾರೆ."

ಗುಮಾಸ್ತ ಮುಖ ತಿರುಗಿಸಿ, "ನಾನು ಸಂಬಳಕ್ಕಿರೋನು ಯಜಮಾನ್ರೇ" ಎಂದ.

ಹೊರಗೆ ಬೋರ್ಡಿನ ಮೇಲೆ ಕಂಪ್ಯೂಟರ್ ಸೈನ್ಸ್ ತರಗತಿಯ ವಿದ್ಯಾರ್ಥಿಗಳ ಪಟ್ಟಿ ಅಂಟಿಸಿತ್ತು. ಅರವತ್ತಕ್ಕೆ ಅರವತ್ತು ಹೆಸರು ತುಂಬಿದ್ದವು. ನಂದಿತಾಳ ಹೆಸರು ಅದರಲ್ಲಿ ಇರಲೇ ಇಲ್ಲ. ಪಟ್ಟಿಯ ಕೆಳಗಿನ ದಿನಾಂಕ ನೋಡಿ ಪಲ್ಲವಿ ಮೊದಲು ತಾನೇ ತಪ್ಪಾಗಿ ಓದಿದೆನೆಂದುಕೊಂಡಳು. ಕೊನೆಯ ಸುತ್ತಿನ ಫಲಿತಾಂಶಕ್ಕೆ ನಾಲ್ಕು ದಿನ ಮೊದಲಿನ ದಿನಾಂಕ ಅದು. ಸೀಟು ಖಾಲಿಯಾಗುವ ಮೊದಲೇ ಅದರಲ್ಲಿ ಕೂರುವವರು ಬಂದಾಗಿತ್ತು. ಅದರ ಫೋಟೊವನ್ನೂ ತೆಗೆದಳು. ಸೆಕ್ಯುರಿಟಿಯವನು ಬಂದು ಅಳಿಸು ಎಂದ. ಅವಳು ಅಪ್ಪನ ಕೈ ಹಿಡಿದುಕೊಂಡು ಗೇಟಿನ ಹೊರಗೆ ನಡೆದುಬಿಟ್ಟಳು. ಬಸ್ಸಿನಲ್ಲಿ ಮಾತ್ರ ಅಳು ತಡೆಯಲಾಗಲಿಲ್ಲ. ಸಣ್ಣಯ್ಯ ಕಿಟಕಿಯ ಕಡೆ ಅವಳನ್ನು ಕೂರಿಸಿ ತಾನು ಅಡ್ಡಕ್ಕೆ ಕೂತ.

ಸೋಮವಾರ ಚಾಮರಾಜನಗರಕ್ಕೆ ಹೋಗಿ ಸಿವಿಲ್‌ಗೆ ಸೇರಿದಳು.

ಅಷ್ಟಕ್ಕೇ ಬಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕೆಂಪು ಗುರುತಿನ ಉಳಿದ ನಾಲ್ವರನ್ನು ಭಾನುವಾರಗಳಲ್ಲಿ ಹುಡುಕಿಕೊಂಡು ಹೋದರು. ಹದಿನಾರು ಗ್ರಾಮದ ದೀಪಕ್ ಆಯುರ್ವೇದ ಓದಲು ಕೇರಳಕ್ಕೆ ಹೋಗಿದ್ದ. ಅವನ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ಸೀಟು ಇತ್ತು. ವಿಷಯ ತಿಳಿದು ಅವನು ಫೋನಿನಲ್ಲೇ ಕಾಂತರಾಜುವನ್ನು ಬೈದು, ಅರ್ಜಿ ಬರೆದು ಕಳಿಸಿದ. ಚಿಕ್ಕಯ್ಯನಛತ್ರದ ಶಾಂತಿಗೆ ಮದುವೆ ಗೊತ್ತಾಗಿ ಓದೇ ನಿಂತಿತ್ತು. ತನಗೂ ಒಂದು ಇಂಜಿನಿಯರಿಂಗ್ ಸೀಟು ಬಂದಿತ್ತೆಂದು ಕೇಳಿ ಅವಳು ಹಾಳೆಯ ಫೋಟೊದಲ್ಲಿ ತನ್ನ ಹೆಸರು ಹುಡುಕಿದಳು. "ನಂಗ್ ಗೊತ್ತಾಗಿದ್ರೆ ನಮ್ಮಪ್ಪಂಗೆ ತೋರಿಸ್ತಿದ್ದೆ ಕಣ್ರೇ," ಅಂದಳು. ಅವಳೂ ಸಹಿ ಮಾಡಿದಳು. ಮೂರನೆಯವನು ಸಿಗಲಿಲ್ಲ. ನಾಲ್ಕನೆಯವನ ಮನೆಯಲ್ಲಿ, ನಮಗೆ ಇದೆಲ್ಲ ಬೇಡ ಎಂದು ಬಾಗಿಲು ಹಾಕಿಕೊಂಡರು.

ಮೂರು ಅರ್ಜಿಗಳಾದ ಮೇಲೆ ಪ್ರಕರಣ ದಾಖಲಾಯಿತು. ಪೊಲೀಸರು ಕಾಂತರಾಜುವನ್ನೂ ಅವನ ಕಂಪ್ಯೂಟರುಗಳನ್ನೂ ಜೀಪಿನಲ್ಲಿ ಒಯ್ದರು. ಅವನು ಹದಿನೈದು ದಿನಕ್ಕೆ ಜಾಮೀನಿನ ಮೇಲೆ ಬಂದು, ಅದೇ ಅಂಗಡಿಯನ್ನು ತಮ್ಮನ ಹೆಸರಿನಲ್ಲಿ ತೆರೆದ. ಅವನು ಹೇಳಿದ ಮೇಲಿನವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ. ಆ ಕಾಲೇಜಿನಲ್ಲಿ ತರಗತಿಗಳು ಎಂದಿನಂತೆ ನಡೆದವು.

ನವೆಂಬರಿನಲ್ಲಿ ತನಿಖೆಯ ಅಧಿಕಾರಿಯೊಬ್ಬರು ಹೇಳಿಕೆ ಪಡೆಯಲು ಪಲ್ಲವಿಯನ್ನೂ ನಂದಿತಾಳನ್ನೂ ನಂಜನಗೂಡಿಗೆ ಕರೆಸಿದರು. ಕಾಗದಗಳನ್ನು ತಿರುವಿ ಹಾಕಿ, ಪಲ್ಲವಿಯನ್ನು ನೋಡಿ ಕೇಳಿದರು:

"ನಿಮ್ಮಿಬ್ಬರ ಮಧ್ಯೆ ಇನ್ನೂ ಹನ್ನೆರಡು ರ‍್ಯಾಂಕುಗಳಿವೆಯಲ್ಲಮ್ಮ. ಈಕೆ ಬಿಟ್ಟಿದ್ದರೆ ಸೀಟು ನಿನಗೇ ಬರ್ತಿತ್ತು ಅಂತ ಹೇಗೆ ಹೇಳ್ತೀಯ? ನಿನಗೆ ಹೇಗೂ ಸೀಟು ಇದೆ. ನಿನಗಾದ ಅನ್ಯಾಯ ಅಂತ ಏನು ಬರ್ಕೊಳ್ಳಲಿ?"

"ನನಗೇ ಬರ್ತಿತ್ತು ಅಂತ ನಾನು ಹೇಳಿಲ್ಲ ಸಾರ್," ಅಂದಳು ಪಲ್ಲವಿ. "ಆ ಹನ್ನೆರಡು ಜನರಲ್ಲಿ ಯಾರಿಗೆ ಬಂದಿದ್ರೂ ನಾನು ಸುಮ್ನೆ ಹೋಗ್ತಿದ್ದೆ. ನನಗಿಂತ ಮುಂದಿರೋರು, ಅವರಿಗೆ ಬರ್ಲಿ. ಹನ್ನೆರಡು ಜನಕ್ಕೂ ಬರ್ಲಿಲ್ಲ, ನನಗೂ ಬರ್ಲಿಲ್ಲ. ಅವರಿಗೆ ಇದು ಗೊತ್ತೂ ಇಲ್ಲ. ಹದಿಮೂರು ಜನರ ಅನ್ಯಾಯ ಅಂತ ಬರ್ಕೊಳ್ಳಿ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ಹಾಗೇ ಬರೀಲಾ?"

"ಹಾಗೇ ಬರೀರಿ. ಓದಿ ಸಹಿ ಮಾಡ್ತೀನಿ."

ಅವರು ಬರೆದರು. ಅವಳು ಪ್ರತಿ ಸಾಲನ್ನೂ ಓದಿದಳು. ಒಂದು ಕಡೆ 'ಹನ್ನೆರಡು' ಎಂದು ಬಿದ್ದಿದ್ದನ್ನು ಹದಿಮೂರು ಎಂದು ತಿದ್ದಿಸಿ, ತಿದ್ದಿದ ಜಾಗದಲ್ಲೂ ಸಹಿ ಮಾಡಿದಳು. ನಂದಿತಾ ಅದರ ಕೆಳಗೆ ಸಾಕ್ಷಿಯೆಂದು ತನ್ನ ಹೆಸರು ಬರೆದಳು, ಉದ್ದಕ್ಕೆ, ಅಪ್ಪನ ಹೆಸರು ಊರು ಸಮೇತ.