ನೀಲಿ ಗಾದಿ

"ಅಷ್ಟ ದೂರ ಹೆಂಗ ಒಯ್ಯೂದು ಇವನ್ನ?"

ಕೇಳಿದವಳು ಬಾಳವ್ವ, ಕೇಳಿದ್ದು ಯಾರನ್ನೂ ಅಲ್ಲ. ತೀರಿಕೊಂಡ ಅಣ್ಣನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಕೈ ಹಾಗೇ ನಿಂತಿತ್ತು, ಕಣ್ಣು ಎದುರಿನ ಗೋಡೆಯ ಮೇಲಿತ್ತು.

ಹುಬ್ಬಳ್ಳಿ ಕಮರಿಪೇಟೆಯ ಆ ಮನೆಯ ಪಡಸಾಲೆಯಲ್ಲಿ, ಹತ್ತಿ ದಲಾಲಿ ಮಾಡುತ್ತಿದ್ದ ಚನ್ನಯ್ಯನನ್ನು ಗೋಡೆಗೆ ಆನಿಸಿ, ಕಾಲು ಮಡಿಸಿ, ಎಡಗೈಯಲ್ಲಿ ಲಿಂಗವಿರಿಸಿ ಕೂರಿಸಿದ್ದರು. ಗೂಟದಿಂದ ಇಳಿಬಿಟ್ಟ ಬಿಳಿ ಅರಿವೆ ಗದ್ದದ ಕೆಳಗೆ ಹಾಯ್ದು ತಲೆಯನ್ನು ಹಿಡಿದಿತ್ತು. ಆದರೂ ದೇಹ ಆಗಾಗ ವಾಲುತ್ತಿತ್ತು. ಎಡಕ್ಕೆ ವಾಲಿದರೆ ಹೆಂಡತಿ ಶರಣವ್ವ ಹೆಗಲು ಕೊಡುವಳು, ಬಲಕ್ಕೆ ವಾಲಿದರೆ ತಂಗಿ ಬಾಳವ್ವ. ಬೆಳಗಿನಿಂದ ಬಲಕ್ಕೇ ಹೆಚ್ಚು ವಾಲುತ್ತಿದೆ ಎಂಬುದನ್ನು ಶರಣವ್ವ ಕಂಡಿದ್ದಳು.

ಭಜನೆಯವರು ಒಂದು ಪದ ಮುಗಿಸಿ ತಾಳ ಕೆಳಗಿಟ್ಟರು. ಎಲ್ಲದರ ಉಸ್ತುವಾರಿ ನೋಡುತ್ತಿದ್ದ ಚನ್ನಯ್ಯನ ಕಾಕಾ ಶಾಂತಯ್ಯ ಬಾಗಿಲಿಂದ ಒಳಗೆ ಬಂದ.

"ಲಕಮನಹಳ್ಳಿ ಹೊಲದಾಗ ಅವರಪ್ಪನ ಬಾಜೂಕ ಕುಣಿ ತೋಡಾಕತ್ತಾರ. ಧಾರವಾಡತನಕ ಅಂದ್ರ ಹೆಗಲ ಮ್ಯಾಲ ಒಯ್ಯೂ ಹಾದಿ ಅಲ್ಲ. ಲಾರಿ ಹೇಳೂಣೇನು?"

"ಹತ್ತಿ ಅಂಡಿಗಿ ಹಂಗ ಲಾರ್ಯಾಗ ಒಯ್ತೀರೇನ್ರಿ ಕಾಕಾ?" ಬಾಳವ್ವನ ದನಿ ಒಡೆಯಿತು. "ಕುಂತಾಂವ ಕುಂತಂಗ ಹೋಗಬೇಕು. ಅವನ ಮೋಟಾರ ಹೊರಗ ನಿಂತೈತಿ. ಅವನ ಕೈಲೆ ಜೀವಾ ಬಂದದ್ದು."

"ಖರೇ ಐತವ್ವಾ," ನೆರೆಮನೆಯ ಸಾವಕ್ಕ ಮೂಗೊರೆಸಿಕೊಂಡಳು. "ಅದರ ನೀಲಿ ಗಾದಿ ಮ್ಯಾಲ ಕುಂತ್ರ ಸಾಹೇಬನ ಹಂಗ ಕಾಣ್ತಿದ್ದ. ಬಾಳವ್ವ ಆರಿಸಿದ ಬಣ್ಣ ಅಂತ ಓಣಿಗೆಲ್ಲಾ ಹೇಳಿದ್ದೇ ಹೇಳಿದ್ದು."

ಶರಣವ್ವ ಸೊಂಟದ ಕೀಲಿಗೊಂಚಲನ್ನು ಸೆರಗಿನೊಳಗೆ ಸರಿಸಿಕೊಂಡಳು.

*

ಐವತ್ತೆಂಟನೇ ಇಸವಿಯಲ್ಲಿ, ಊರು ಬಿಟ್ಟು ಹೋದ ಬಿಳಿಯ ಸಾಹೇಬನೊಬ್ಬನ ಶೆಡ್ಡಿನಿಂದ ಚನ್ನಯ್ಯ ಆ ಹಳೆಯ ಮಾರಿಸ್ ಮೋಟಾರನ್ನು ಎತ್ತು ಹೂಡಿ ಎಳೆಸಿಕೊಂಡು ಬಂದಿದ್ದ. ಮೋಟಾರಿನ ಮುಂದೆ ಎತ್ತು ಕಂಡು ಓಣಿ ನಕ್ಕಿತು. ಎಂಜಿನ್ನು ಉಸಿರಾಡುವಷ್ಟರಲ್ಲಿ ದಸರೆ ಬಂದಿತ್ತು. ಉಳಿದದ್ದು ಒಳಗಿನ ಕೆಲಸ. ಕರಿ ತೊಗಲಿನ ಗಾದಿಯನ್ನು ಇಲಿ ಕಡಿದು, ತುಂಬಿದ್ದ ಕುದುರೆಗೂದಲು ಹೊರಗೆ ಬಿದ್ದಿತ್ತು.

ಹಳೇ ಹುಬ್ಬಳ್ಳಿಯಲ್ಲಿ ಮೋಟಾರಿನ ಗಾದಿ ಹೊಲಿಯುತ್ತಿದ್ದ ಗುಲಾಬಸಾಬ ಬಂದು, ಕಟ್ಟೆಯ ಮೇಲೆ ರೆಕ್ಸಿನ್ ತುಂಡುಗಳನ್ನು ಹರಡಿದ. "ಬಣ್ಣಾ ಬದಲ ಮಾಡೂದಂದ್ರ ಬರೇ ಗಾದಿ ಅಲ್ಲರಿ ಧಣ್ಯಾರ. ಬಾಗಲದ ಹಲಗಿ, ಮ್ಯಾಲಿನ ಛತ್ತು, ಅಂಚು, ಎಲ್ಲಾ ಒಂದಕ್ಕೊಂದು ಕೂಡಬೇಕು. ವಿಚಾರ ಮಾಡಿ ಹೇಳ್ರಿ."

ಚನ್ನಯ್ಯ ಹೆಂಡತಿಯ ಕಡೆ ತಿರುಗಿದ. "ನೀ ಹೇಳು."

ಹಾಗೆ ಅವನು ಅವಳನ್ನು ಕೇಳಿದ್ದು ಅದೇ ಮೊದಲು. ಮಕ್ಕಳಿಲ್ಲದ ಆ ಮನೆಯಲ್ಲಿ ಮೂವರೇ. ಗೋಡೆಯ ಬಣ್ಣ, ಬಾಗಿಲ ಪರದೆ, ದಿನದ ಪಲ್ಯ ಎಲ್ಲವೂ, ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಬಾಳವ್ವನ ಮಾತಿನಂತೆ ನಡೆಯುತ್ತಿದ್ದವು. ಶರಣವ್ವ ಬಗ್ಗಿ, ದಾಳಿಂಬೆ ಕಾಳಿನಂಥ ಕೆಂಪನ್ನು ಬೆರಳಿನಿಂದ ಮುಟ್ಟಿದಳು.

"ಛಲೋ ಆರಿಸಿದಿ," ಎಂದ ಅವನು. ಆ ವಾರವೆಲ್ಲ ಅವಳ ರೊಟ್ಟಿ ಬಡಿತಕ್ಕೆ ಹಾಡಿನ ಲಯವಿತ್ತು.

ಹೊಲಿಗೆ ಮುಗಿದು ಗಾಡಿ ಮನೆಗೆ ಬಂತು. ಬಾಗಿಲು ತೆರೆದರೆ ಒಳಗೆಲ್ಲ ತಿಳಿನೀಲಿ.

"ಬಾಳವ್ವಗ ಇದು ಸೇರಿತು," ಎಂದಷ್ಟೇ ಹೇಳಿ ಚನ್ನಯ್ಯ ಚಪ್ಪಲಿ ಕಳಚಿ ಒಳಗೆ ಹೋದ.

ಆಮೇಲೆ ಸೋಮವಾರ ಬಂತೆಂದರೆ ಮೂವರೂ ಮಠಕ್ಕೆ ಹೋಗುವರು. ಶರಣವ್ವ ಗಂಡನ ಪಕ್ಕದಲ್ಲೇ ಕೂರುತ್ತಿದ್ದಳು. ಆದರೆ ಮೇಲಿನ ಪುಟ್ಟ ಕನ್ನಡಿ ಹಿಂದಿನ ಗಾದಿಯ ಕಡೆ ತಿರುಗಿರುತ್ತಿತ್ತು. ಅವನ ನಗುವೂ ಮಾತೂ ಆ ಕನ್ನಡಿಯನ್ನು ಹಾಯ್ದು ಬಾಳವ್ವನಿಗೆ ಮುಟ್ಟುತ್ತಿದ್ದವು.

*

ಪೂಜೆಗೆ ಬಿಲ್ವಪತ್ರಿ ತರಲೆಂದು ಶರಣವ್ವ ಹೊರಗಿನ ಕಟ್ಟೆಗೆ ಬಂದಾಗ, ಮಣ್ಣಿಗೆಂದು ಬಂದಿದ್ದ ಗುಲಾಬಸಾಬ ಎದ್ದು ನಿಂತ. ಅವನ ಗಡ್ಡ ಈಗ ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕಾರ, ಒಂದ ಮಾತೈತ್ರಿ. ಧಣ್ಯಾರು ಹೇಳಬ್ಯಾಡ ಅಂದಿದ್ರು. ಇನ್ನ ಹೇಳಿದ್ರ ತಪ್ಪಿಲ್ಲ."

"ಏನದು?"

"ನಿಮ್ಮ ಕೆಂಪ ನಾ ಹೊಲದಿದ್ನಿರಿ. ಪೂರಾ. ಬಾಗಲದ ಹಲಗಿ ಸುದ್ದಾ. ಬಾಳವ್ವಾರು ನೋಡಾಕ ಬಂದ್ರು. 'ನನ್ನಂಥಾಕಿ ಕೆಂಪಿನ ಮ್ಯಾಲ ಹೆಂಗ ಕೂಡಬೇಕೋ ಅಣ್ಣಾ' ಅಂತ ಅತ್ತರು. ಧಣ್ಯಾರು ನನ್ನ ಬಾಜೂಕ ಕರದು, 'ಬಿಚ್ಚಬ್ಯಾಡ ಗುಲಾಬ. ಶರಣಿ ಆಸೇಲೆ ಆರಿಸ್ಯಾಳ. ಅದರ ಮ್ಯಾಲ ನೀಲಿ ಹೊಲಿ' ಅಂದ್ರು. ಕೆಂಪ ಇನ್ನೂ ಒಳಗ ಐತ್ರಿ. ನಿಮ್ಮ ಮಾತ ಅವ್ರು ತಗದ ಒಗದಿರಲಿಲ್ಲ."

ಸಮಾಧಾನದ ಮಾತೆಂದೇ ಅವನು ಅದನ್ನು ಇಷ್ಟು ವರ್ಷ ಕಾಯ್ದಿಟ್ಟು ತಂದಿದ್ದ. ಅವಳ ಕಣ್ಣು ತುಂಬಿಬರುವುದನ್ನು ಕಾದು ನಿಂತ. ಕಣ್ಣು ಒಣಗಿಯೇ ಇತ್ತು.

"ಒಳಗ ಐತಿ?"

"ಹೊಚ್ಚ ಹೊಸಾದ ಇದ್ದಂಗ ಐತ್ರಿ. ಬಿಸಲ ಸುದ್ದಾ ಕಂಡಿಲ್ಲ."

"ಅಂದ್ರ ನಂದು ತಳಗ, ಆಕಿದು ಮ್ಯಾಲ."

"ಹಂಗಲ್ಲರಿ ಅಕ್ಕಾರ..."

"ಇಷ್ಟ ವರ್ಷ ಅದರ ಮ್ಯಾಲ ಕುಂತು ಮಠಕ್ಕ ಹೋಗ್ಯಾಳ." ಪತ್ರಿಯ ಬುಟ್ಟಿಯನ್ನು ಕಂಕುಳಿಗೆ ಏರಿಸಿ ಅವಳು ಒಳಗೆ ನಡೆದಳು. ಗುಲಾಬಸಾಬ ಗಡ್ಡ ನೀವಿಕೊಳ್ಳುತ್ತ ನಿಂತೇ ಉಳಿದ.

ಒಳಗೆ ಕೊನೆಯ ಪದ ಏರಿತ್ತು. ಚನ್ನಯ್ಯ ಮತ್ತೆ ಬಲಕ್ಕೆ ವಾಲಿ ತಂಗಿಯ ಭುಜಕ್ಕೆ ಒರಗಿದ್ದ.

"ಹೊತ್ತ ಇಳೀತು ಶರಣವ್ವ," ಶಾಂತಯ್ಯ ಮೆಲ್ಲಗೆ ಹೇಳಿದ. "ಮೋಟಾರ ಛಲೋ ಅಂತ ಎಲ್ಲಾರೂ ಅಂತಾರ. ಗುಲಾಬಸಾಬಗ ನಡಸಾಕ ಬರ್ತೈತಿ. ಹಿಂದಿನ ಗಾದಿ ಅಗಲ ಐತಿ, ಅಲ್ಲೇ ಕುಂದರಸೂಣು. ಬಾಳವ್ವ ಬಾಜೂಕ ಕುಂತು ಹಿಡಕೋತಾಳ. ನೀ ಮುಂದ ಕೂಡು."

ಬಾಳವ್ವ ಅಣ್ಣನ ಎದೆಯ ಮುಂದಿನಿಂದ ಕೈ ಚಾಚಿದಳು. ಅಂಗೈಯಲ್ಲಿ ವಿಭೂತಿ ಮೆತ್ತಿತ್ತು.

"ಕೀಲಿ ಕೊಡ್ರಿ ವೈನಿ. ನಿಮ್ಮ ಕಾಲ ಬೀಳ್ತೇನಿ. ಮಣ್ಣಿಗೆ ಹೋಗೂ ಮುಂದ ಒಮ್ಮಿ ಅದರಾಗ ಕುಂತು ಹೋಗ್ಲಿ ನಮ್ಮಣ್ಣ."

ತಾಳ ನಿಂತಿತು. ಶರಣವ್ವ ಬುಟ್ಟಿ ಕೆಳಗಿಟ್ಟು, ಗಂಡನ ಎಡಕ್ಕೆ ಕೂತು, ಅವನ ಬೆನ್ನ ಹಿಂದಿನಿಂದ ತೋಳು ಬಳಸಿ ಮೆಲ್ಲನೆ ತನ್ನತ್ತ ಎಳೆದುಕೊಂಡಳು. ತಂಗಿಯ ಭುಜ ಬಿಟ್ಟ ತಲೆ ಅವಳ ಹೆಗಲಿಗೆ ಬಂದು ಒರಗಿತು. ಹಣೆಯ ವಿಭೂತಿ ಅವಳ ಕೆನ್ನೆಗೆ ಹತ್ತಿತು.

"ಕೊಡೂದಿಲ್ಲ," ಎಂದಳು.